ಹಾಗಲವಾಡಿಯ ತಂಗಡಿ ಚಕ್ಕೆ

ತುಮಕೂರು
12 ಜೂನ್ 2023

ದೊಡ್ಡಪ್ಪ,

ನಾನು ಶಶಿಕಲಾ. ಕಾಗದ ಬಂತೆಂದು ಗಾಬರಿಯಾಗಬೇಡ, ಚೆನ್ನಾಗಿದ್ದೇನೆ. ಹೋದ ವಾರ ಫೋನಿನಲ್ಲಿ ಅಷ್ಟು ಹೊತ್ತು ಕೂಗಿದರೂ ನಿನ್ನ ಕಿವಿಗೆ ಒಂದು ಮಾತೂ ಬೀಳಲಿಲ್ಲ. ನಾನು ತಂಗಡಿ ಅಂದರೆ ನೀನು "ಯಾರ್ ತಂಗಿಯವ್ವ?" ಅಂದೆ. ಹಾಸ್ಟೆಲಿನ ಹುಡುಗಿಯರೆಲ್ಲ ನನ್ನನ್ನೇ ನೋಡುತ್ತಿದ್ದರು. ದೊಡ್ಡಮ್ಮನಿಗೆ ಹೇಳಿದರೆ ಅವಳು ಅರ್ಧ ದಾಟಿಸಿ ಅರ್ಧ ಮರೆಯುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ. ಮೂವತ್ತೆಂಟು ವರ್ಷ ಪೋಸ್ಟ್‌ಮ್ಯಾನ್ ಆಗಿದ್ದವನಿಗೆ ಕಾಗದ ಓದಲು ಬೇಜಾರಾಗಲಿಕ್ಕಿಲ್ಲ.

ನಾನು ಇಲ್ಲಿ ಪಿಎಚ್.ಡಿ.ಗೆ ಸೇರಿ ಒಂದು ವರ್ಷವಾಯಿತು. ನನ್ನ ಗೈಡ್ ಶ್ರೀವಾಣಿ ಮೇಡಂ. ಗಾಯದ ಮೇಲೆ ಹಾಕುವ ಒಂದು ತೆಳು ಪೊರೆ ತಯಾರಿಸುವುದು ನನ್ನ ಕೆಲಸ. ದನದ ತೊಗಲಿನಿಂದ ಕೊಲ್ಯಾಜೆನ್ ಅನ್ನುವ ಸಾರ ತೆಗೆದು ಹಾಳೆಯ ಹಾಗೆ ಒಣಗಿಸುತ್ತೇವೆ. ನೋಡಲು ಅಕ್ಕಿ ಹಪ್ಪಳದಂತಿರುತ್ತದೆ. ಒದ್ದೆಯಾದರೆ ಎರಡು ದಿನದಲ್ಲಿ ಕರಗಿ ಲೋಳೆಯಾಗುತ್ತದೆ. ಕರಗದಿರಬೇಕಾದರೆ ಅದರ ಎಳೆಗಳನ್ನು ಒಂದಕ್ಕೊಂದು ಕಟ್ಟಬೇಕು. ಹಾಗೆ ಕಟ್ಟುವ ರಾಸಾಯನಿಕವೇನೋ ಇದೆ, ಆದರೆ ಅದು ಮೈಗೆ ವಿಷ. ಗಿಡಗಳ ಒಗರಿನಿಂದ ಕಟ್ಟಬಹುದೇ ನೋಡಿ ಎಂದು ಮೇಡಂ ಒಂದು ಪಟ್ಟಿ ಕೊಟ್ಟಿದ್ದಾರೆ. ಅಳಲೆಕಾಯಿ, ದಾಳಿಂಬೆ ಸಿಪ್ಪೆ, ಚಹಾ ಸೊಪ್ಪು. ಕೊನೆಯಲ್ಲಿ ತಂಗಡಿ ಚಕ್ಕೆ, ನಮ್ಮ ಗುಡ್ಡದ ಹಳದಿ ಹೂವಿನ ಗಿಡದ ತೊಗಟೆ.

ಅದನ್ನು ಓದಿದಾಗ ತಾತನ ಕಸುಬು ನೆನಪಾಯಿತು. ನಾನು ತಾತನನ್ನು ನೋಡಿಲ್ಲ. ಅವನು ತಂಗಡಿ ಚಕ್ಕೆಯಲ್ಲಿ ತೊಗಲು ಹದ ಮಾಡುತ್ತಿದ್ದ ಅಂತ ನೀನು ಒಂದೇ ಒಂದು ಸಲ ಹೇಳಿ ಮಾತು ಬದಲಾಯಿಸಿದ್ದೆ. ಹೇಗೆ ಮಾಡುತ್ತಿದ್ದ? ಎಷ್ಟು ಚಕ್ಕೆ, ಎಷ್ಟು ದಿನ? ಜೊತೆಗೆ ಎರಡು ಕೆ.ಜಿ. ಒಣಗಿಸಿದ ಚಕ್ಕೆ ಬಸ್ಸಿಗೆ ಹಾಕಿ ಕಳಿಸುತ್ತೀಯಾ? ಅಂಗಡಿಯದು ಬೇಡ, ಗುಡ್ಡದ್ದೇ ಬೇಕು.

ಶಶಿ


ಹಾಗಲವಾಡಿ
26 ಜೂನ್ 2023

ಶಶಿ ಮಗಳೆ,

ನಿನ್ನ ಕಾಗದ ತಲುಪಿತು. ನನ್ನ ಜಾಗಕ್ಕೆ ಬಂದಿರುವ ಮೋನಿಕಾ ಎಂಬ ಹುಡುಗಿ ಮನೆ ಮುಂದೆ ಸ್ಕೂಟಿ ನಿಲ್ಲಿಸಿ, ನನಗೆ ಕೇಳಿಸಲೆಂದು ಬೀದಿಗೆಲ್ಲ ಕೇಳುವ ಹಾಗೆ "ತಾತಾ, ನಿಮ್ಗೇ ಬಂದೈತೆ" ಎಂದು ಕೂಗಿದಳು. ಊರಿಗೆಲ್ಲ ಹಂಚಿದವನು ನಾನು. ನನ್ನ ಹೆಸರಿಗೆ ಇಲಾಖೆಯ ಕಾಗದ ಬಿಟ್ಟರೆ ಇನ್ನೇನೂ ಬಂದದ್ದು ನೆನಪಿಲ್ಲ. ಜಗಲಿಯಲ್ಲಿ ಕೂತು ಎರಡು ಸಲ ಓದಿದೆ. ನಿನ್ನ ದೊಡ್ಡಮ್ಮನಿಗೆ ಒಂದು ಸಲ ಓದಿ ಹೇಳಿದೆ.

ನೀನು ಕೇಳಿದ್ದು ಬರೆಯುತ್ತೇನೆ. ನಿಮ್ಮ ತಾತ ಮಹಾದೇವಯ್ಯ ಮೊದಲು ತೊಗಲನ್ನು ಸುಣ್ಣದ ಗುಂಡಿಯಲ್ಲಿ ನೆನೆಹಾಕಿ ಕೂದಲು ತೆಗೆಯುತ್ತಿದ್ದ. ಕೆರೆ ಕೋಡಿಯಲ್ಲಿ ತೊಳೆದು, ಚೀಲದ ಹಾಗೆ ಹೊಲಿದು, ಒಳಗೆ ಕುಟ್ಟಿದ ತಂಗಡಿ ಚಕ್ಕೆ ತುಂಬಿ ನೀರು ಹೊಯ್ದು ಬೇವಿನ ಕೊಂಬೆಗೆ ನೇತುಹಾಕುತ್ತಿದ್ದ. ತೊಟ್ಟಿಕ್ಕುವ ರಸವನ್ನು ಕೆಳಗೆ ಮಡಕೆಯಲ್ಲಿ ಹಿಡಿದು ಮತ್ತೆ ಮೇಲೆ ಹೊಯ್ಯುವುದು ನನ್ನ ಕೆಲಸ. ಮೊದಲ ದಿನಗಳಲ್ಲಿ ತೆಳು ರಸ, ಆಮೇಲಾಮೇಲೆ ಗಟ್ಟಿ. ಅವಸರಕ್ಕೆ ಮೊದಲೇ ಗಟ್ಟಿ ರಸ ಹೊಯ್ದರೆ ಹೊರಮೈ ಹದವಾಗಿ ಮುಚ್ಚಿಕೊಳ್ಳುತ್ತದೆ, ನಡುವೆ ಹಸಿ ಉಳಿದು ಕೊಳೆಯುತ್ತದೆ. ಅಂಚು ಕೊಯ್ದು ನೋಡಿದಾಗ ನಡುವೆ ಬಿಳಿ ಗೆರೆ ಕಂಡರೆ ಇನ್ನೂ ಆಗಿಲ್ಲ ಅಂತ. ಹಾಗೆ ಹದ ಮಾಡಿದ ತೊಗಲಲ್ಲಿ ಬಾವಿಯಿಂದ ನೀರೆತ್ತುವ ಕಪಿಲೆ ಬಾನಿ, ಎಕ್ಕಡ ಎಲ್ಲ ಆಗುತ್ತಿದ್ದವು. ವಾಸನೆ ಮಾತ್ರ ಮೈಯಿಂದ ಹೋಗುತ್ತಿರಲಿಲ್ಲ. ಶಾಲೆಯಲ್ಲಿ ನಾನು ಕಿಟಕಿ ಪಕ್ಕ ಕೂರಬೇಕಾಗಿತ್ತು.

ಇದನ್ನು ಕಾಲೇಜಿನಲ್ಲಿ ಹೇಳುವುದಾದರೆ ಯಾರೋ ಹಳ್ಳಿಯವರು ಹೇಳಿದರು ಎಂದು ಹೇಳು. ನಮ್ಮದೆಂದು ಹೇಳಬೇಕಾಗಿಲ್ಲ.

ಚಕ್ಕೆ ನಾನೇ ಗುಡ್ಡಕ್ಕೆ ಹೋಗಿ ಸುಲಿದು ತಂದು ನೆರಳಲ್ಲಿ ಒಣಗಿಸಿದ್ದೇನೆ. ಏಳೂವರೆ ಬಸ್ಸಿನ ಕಂಡಕ್ಟರ್ ಅಶ್ವಥ್ ಕೈಲಿ ಕಳಿಸಿದ್ದೇನೆ. ನನ್ನ ಆರೋಗ್ಯ ಪರವಾಗಿಲ್ಲ. ಸಕ್ಕರೆ ಕಾಯಿಲೆ ಮಾತ್ರೆ ನಡೆಯುತ್ತಿದೆ. ಪಾದ ಎರಡೂ ಜೋಮು ಹಿಡಿದ ಹಾಗಿರುತ್ತವೆ, ವಯಸ್ಸಲ್ಲವೇ.

ಮುದ್ದಯ್ಯ


ತುಮಕೂರು
3 ಅಕ್ಟೋಬರ್ 2023

ದೊಡ್ಡಪ್ಪ,

ತಡವಾಯಿತು, ಬೈಯಬೇಡ. ಬರೆಯುವಷ್ಟು ಒಳ್ಳೆಯ ಸುದ್ದಿ ಆಗಲಿ ಎಂದು ಕಾದೆ.

ಆಗಿದೆ! ನೀನು ಕಳಿಸಿದ ಚಕ್ಕೆಯ ರಸದಲ್ಲಿ ಅದ್ದಿದ ಪೊರೆ ಇಪ್ಪತ್ತೊಂದು ದಿನ ನೀರಿನಲ್ಲಿದ್ದರೂ ಕರಗಲಿಲ್ಲ. ದಾಳಿಂಬೆಯದು ಆರನೇ ದಿನಕ್ಕೆ ಹೋಯಿತು, ಚಹಾದ್ದು ಒಂಬತ್ತಕ್ಕೆ. ತಂಗಡಿಯ ಒಗರು ಎಳೆ ಎಳೆಯ ನಡುವೆ ಹೋಗಿ ಹೊಲಿಗೆ ಹಾಕಿದ ಹಾಗೆ ಹಿಡಿದುಕೊಳ್ಳುತ್ತದೆ. ಚರ್ಮ ತಿನ್ನುವ ಕ್ರಿಮಿಗಳಿಗೂ ಅದನ್ನು ಅರಗಿಸಿಕೊಳ್ಳಲು ಆಗುವುದಿಲ್ಲ. ತಾತನ ತೊಗಲು ಯಾಕೆ ಕೊಳೆಯುತ್ತಿರಲಿಲ್ಲವೋ ಅದೇ ಕಾರಣಕ್ಕೆ. ಮೊದಲು ತೆಳು, ಆಮೇಲೆ ಗಟ್ಟಿ ಎಂದು ನೀನು ಬರೆದಂತೆಯೇ ಮಾಡಿದೆ. ಮೇಡಂ "ಈ ಐಡಿಯಾ ಎಲ್ಲಿ ಸಿಕ್ತು ಶಶಿಕಲಾ?" ಅಂದರು. ಹಳ್ಳಿಯವರೊಬ್ಬರು ಅಂದೆ.

ಇದು ಯಾರಿಗೆ ಗೊತ್ತಾ? ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ. ತಿಂಗಳುಗಟ್ಟಲೆ ಮಾಯದ ಗಾಯಕ್ಕೆ ಇದನ್ನು ಮುಚ್ಚಿದರೆ ಕೀವಾಗಲು ಬಿಡದೆ ಹೊಸ ಚರ್ಮ ಬರುವಂತೆ ಮಾಡುತ್ತದೆ. ಇನ್ನೂ ಎರಡು ಕೆ.ಜಿ. ಬೇಕು. ದಸರಾಕ್ಕೆ ಬರಲಾಗುವುದಿಲ್ಲ, ಮೆಷಿನ್ ಬುಕ್ ಮಾಡಿದ್ದೇನೆ.

ಶಶಿ


ಹಾಗಲವಾಡಿ
20 ನವೆಂಬರ್ 2023

ಶಶಿ ಮಗಳೆ,

ಕಾಗದ ಓದಿ ಸಂತೋಷವಾಯಿತು. ಕುಣಿಗಲ್ಲಿನಿಂದ ಮಗ ಶಿವರಾಜ ಬಂದಿದ್ದ, ಅವನಿಗೂ ತೋರಿಸಿದೆ. "ಅವ್ಳು ನನ್ ತಂಗಿ ಅಂತ ನಮ್ ಸ್ಕೂಲಲ್ಲಿ ಹೇಳ್ತೀನಿ ಬುಡು" ಎಂದು ನಕ್ಕ. ಎರಡನೇ ಚೀಲ ಕಳಿಸಿದ್ದೇನೆ. ಈ ಸಲ ತುಂಬ ಹತ್ತಬೇಕಾಯಿತು, ಕೆಳಗಿನ ಗಿಡಗಳನ್ನೆಲ್ಲ ಜೆಸಿಬಿ ತಂದು ಕಿತ್ತಿದ್ದಾರೆ.

ಒಂದು ವಿಷಯ ಕೇಳಬೇಕಾಗಿತ್ತು. ನಮ್ಮ ಪಕ್ಕದ ಮನೆ ವೆಂಕಟಯ್ಯನಿಗೆ ಬಲಗಾಲಿನ ಅಡಿಯಲ್ಲಿ, ಹೆಬ್ಬೆರಳಿನ ಬುಡಕ್ಕೆ, ಒಂದು ಹುಣ್ಣಾಗಿದೆ. ಅವನಿಗೂ ಸಕ್ಕರೆ ಕಾಯಿಲೆ. ಎಂಟಾಣೆಯಷ್ಟು ಅಗಲ. ನೋವೇನೂ ಇಲ್ಲವಂತೆ. ನೀನು ಮಾಡುವ ಪೊರೆ ಅವನಿಗೆ ಸಿಗುತ್ತದೆಯೇ? ಇಲ್ಲದಿದ್ದರೆ ಚಕ್ಕೆಯನ್ನೇ ಕುದಿಸಿ ಹಾಕಬಹುದೇ? ಬಿಡುವಾದಾಗ ತಿಳಿಸು.

ಮುದ್ದಯ್ಯ


ತುಮಕೂರು
9 ಡಿಸೆಂಬರ್ 2023

ದೊಡ್ಡಪ್ಪ,

ಚಕ್ಕೆ ಬಂತು. ಸ್ವಲ್ಪ ಬೂಸ್ಟು ಹಿಡಿದಿತ್ತು, ಮುಂದಿನ ಸಲ ಇನ್ನೊಂದೆರಡು ದಿನ ಒಣಗಿಸು. ಯಾವ ತಾರೀಕಿಗೆ ಸುಲಿದದ್ದು ಎಂದು ಚೀಟಿ ಬರೆದು ಚೀಲದೊಳಗೆ ಹಾಕು, ನನಗೆ ದಾಖಲೆಗೆ ಬೇಕು. ಬುಡದ ಚಕ್ಕೆ ಬೇರೆ, ಕೊಂಬೆಯದು ಬೇರೆ ಕಟ್ಟಿದರೆ ಇನ್ನೂ ಒಳ್ಳೆಯದು.

ವೆಂಕಟಯ್ಯನವರಿಗೆ ಆಸ್ಪತ್ರೆಗೆ ತೋರಿಸಲು ಹೇಳು. ನಮ್ಮ ಪೊರೆ ಮನುಷ್ಯರ ಮೇಲೆ ಹಾಕಲು ಇನ್ನೂ ಐದಾರು ವರ್ಷ ಬೇಕು, ಅನುಮತಿ ಅದೂ ಇದೂ ಇರುತ್ತದೆ. ಚಕ್ಕೆ ಕಷಾಯದಲ್ಲಿ ತೊಳೆದುಕೊಂಡರೆ ತೊಂದರೆಯೇನಿಲ್ಲ ಅನ್ನಿಸುತ್ತದೆ.

ಜನವರಿ ಒಳಗೆ ಮೂರು ಕೆ.ಜಿ. ಬೇಕಾಗಬಹುದು.

ಶಶಿ


ಹಾಗಲವಾಡಿ
11 ಫೆಬ್ರವರಿ 2024

ಶಶಿ ಮಗಳೆ,

ನೀನು ಹೇಳಿದ ಹಾಗೆ ಬುಡದ್ದು, ಕೊಂಬೆಯದು ಬೇರೆ ಬೇರೆ ಕಟ್ಟಿ ತಾರೀಕು ಬರೆದಿದ್ದೇನೆ. ಮೂರು ಕೆ.ಜಿ.ಗೆ ಸ್ವಲ್ಪ ಜಾಸ್ತಿಯೇ ಇದೆ.

ವೆಂಕಟಯ್ಯನ ಹುಣ್ಣು ಒಣಗಿದೆ. ಕಷಾಯವನ್ನು ಗಟ್ಟಿಯಾಗಿ ಕುದಿಸಿ, ಬಟ್ಟೆ ಅದ್ದಿ ದಿನಾ ಕಟ್ಟಿದ. ಹದಿನೈದು ದಿನಕ್ಕೆ ಮೇಲೆ ಕಂದು ಬಣ್ಣದ ಚರ್ಮ ಕಟ್ಟಿತು, ಉಗುರಿನಲ್ಲಿ ಒತ್ತಿದರೂ ಬಗ್ಗುವುದಿಲ್ಲ. ಹದವಾದ ತೊಗಲೇ. ನೀನು ಹೇಳಿದ್ದು ಸುಳ್ಳಾಗಲಿಲ್ಲ. ಆಸ್ಪತ್ರೆಗೆ ಹೋಗುವ ಅಗತ್ಯ ಬೀಳಲಿಲ್ಲ.

ಇಲ್ಲಿ ಚಳಿ. ನಾನು ಕಾಲುಚೀಲ ಹಾಕಿಕೊಂಡೇ ಮಲಗುತ್ತೇನೆ. ನಿನ್ನ ದೊಡ್ಡಮ್ಮ "ಯಾವ ಆಫೀಸ್ಗೆ ಹೊಂಟಿದ್ದೀಯ, ಮೂರೊತ್ತೂ ಕಾಲ್ಚೀಲ?" ಎಂದು ಅಣಕಿಸುತ್ತಾಳೆ.

ಮುಂದಿನ ಕಾಗದದಲ್ಲಿ ಇನ್ನೂ ಸ್ವಲ್ಪ ವಿವರವಾಗಿ ಬರೆ. ಓದಲು ಚೆನ್ನಾಗಿರುತ್ತದೆ.

ಮುದ್ದಯ್ಯ


ತುಮಕೂರು
18 ಮಾರ್ಚ್ 2024

ದೊಡ್ಡಪ್ಪ,

ನೀನು ವಿವರ ಕೇಳಿದೆ, ಬರೆಯುತ್ತೇನೆ. ಸುದ್ದಿ ಅಷ್ಟು ಒಳ್ಳೆಯದಲ್ಲ.

ಪೊರೆ ನೀರಿನಲ್ಲಿ ಉಳಿದರೆ ಸಾಲದು, ಅದರ ಅಡಿಯಲ್ಲಿ ಜೀವಕೋಶಗಳು ಬೆಳೆಯಬೇಕು. ಗಾಜಿನ ತಟ್ಟೆಯಲ್ಲಿ ಚರ್ಮದ ಜೀವಕೋಶಗಳನ್ನು ಸಾಕಿ, ಅವುಗಳ ಮೇಲೆ ಪೊರೆ ಇಟ್ಟು ನೋಡುತ್ತೇವೆ. ತೆಳು ರಸದ ಪೊರೆಯಲ್ಲಿ ಕೋಶಗಳು ಬದುಕಿದವು. ಗಟ್ಟಿ ರಸದ್ದರಲ್ಲಿ ಮೂರನೇ ದಿನಕ್ಕೆ ಒಂದೂ ಉಳಿದಿರಲಿಲ್ಲ. ಮೇಲಿನಿಂದ ನೋಡಿದರೆ ಪೊರೆ ಎಷ್ಟು ಚೆನ್ನಾಗಿತ್ತು ಗೊತ್ತಾ, ಗಟ್ಟಿಯಾಗಿ, ಹೊಳಪಾಗಿ. ಅಡಿಯಲ್ಲಿ ಎಲ್ಲ ಸತ್ತಿದ್ದವು. ಎರಡು ಸಲ ಮಾಡಿದೆ, ಎರಡು ಸಲವೂ ಹಾಗೇ. ನಾಲ್ಕು ತಿಂಗಳ ಕೆಲಸ ಮಣ್ಣುಪಾಲು ಅನ್ನಿಸಿ ಒಂದು ದಿನ ಲ್ಯಾಬಿಗೇ ಹೋಗಲಿಲ್ಲ. ಮೇಡಂ ಮಾತ್ರ, "ಇದೂ ರಿಸಲ್ಟೇ, ಬರೀರಿ" ಅಂದರು. ಪೇಪರ್ ಬರೆದು ಕಳಿಸಿದ್ದೇವೆ.

ವೆಂಕಟಯ್ಯನವರಿಗೆ ವಾಸಿಯಾದದ್ದು ಕೇಳಿ ಖುಷಿಯಾಯಿತು.

ಶಶಿ


ತುಮಕೂರು
27 ಏಪ್ರಿಲ್ 2024

ದೊಡ್ಡಪ್ಪ,

ಕಾಗದವೇ ಇಲ್ಲ. ಮೋನಿಕಾ ಸರಿಯಾಗಿ ಹಂಚುತ್ತಿದ್ದಾಳೆ ತಾನೆ? ಚಕ್ಕೆ ಮುಗಿಯುತ್ತಾ ಬಂತು. ಕೊಂಬೆಯದು ಬೇಡ, ಬುಡದ್ದೇ ಒಂದು ಕೆ.ಜಿ. ಸಾಕು.

ಶಶಿ


ತುಮಕೂರು
2 ಜುಲೈ 2024

ದೊಡ್ಡಪ್ಪ,

ಹನ್ನೊಂದು ದಿನ ಆಸ್ಪತ್ರೆಯಲ್ಲಿ ನಿನ್ನ ಮಂಚದ ಪಕ್ಕ ಕೂತಿದ್ದೆ. ಒಂದು ಮಾತೂ ಆಡಲಿಲ್ಲ. ನಿನಗೆ ಕೇಳಿಸುವುದಿಲ್ಲ ಎನ್ನುವುದು ನೆಪ. ಹಾಳೆಯ ಮೇಲೆ ಬರೆದು ತೋರಿಸಬಹುದಾಗಿತ್ತು. ನೀರು ಬೇಕಾ, ಊಟ ಮಾಡ್ತೀಯಾ ಎಂದು ಕೈಸನ್ನೆ ಮಾಡಿದೆ, ಅಷ್ಟೇ. ನೀನು ಮನೆಗೆ ಹೋಗಿ ತಿಂಗಳಾದ ಮೇಲೆ ಈಗ ಬರೆಯುತ್ತಿದ್ದೇನೆ.

ನಡೆದದ್ದನ್ನು ನಡೆದ ಹಾಗೆ ಬರೆದುಬಿಡುತ್ತೇನೆ. ಮೇ ಒಂಬತ್ತಕ್ಕೆ ಶಿವರಾಜಣ್ಣ ಫೋನ್ ಮಾಡಿದ. ನಿನಗೆ ಮೂರು ದಿನದಿಂದ ಜ್ವರ, ಪ್ರಜ್ಞೆ ತಪ್ಪಿದೆ, ಗುಬ್ಬಿಯಿಂದ ಇಲ್ಲಿಗೆ ಕಳಿಸಿದ್ದಾರೆ ಅಂದ. ದೊಡ್ಡಮ್ಮ ವಾಸನೆ ತಡೆಯಲಾರದೆ ಕಾಲುಚೀಲ ಎಳೆದಳಂತೆ. ನಾನು ಬರುವಷ್ಟರಲ್ಲಿ ನಿನ್ನನ್ನು ಒಳಗೆ ಕರೆದುಕೊಂಡು ಹೋಗಿದ್ದರು. ಕಾಲಿನ ಕೀವು ಮೂಳೆಗೆ ಹತ್ತಿದೆ, ಮೊಣಕಾಲಿನ ಕೆಳಗೆ ತೆಗೆಯದೆ ಬೇರೆ ದಾರಿಯಿಲ್ಲ ಎಂದರು. ಶಿವರಾಜಣ್ಣ ಸಹಿ ಹಾಕಿದ. ಆಮೇಲೆ ಡಾಕ್ಟರ್ ಹೊರಗೆ ಬಂದು ಕೇಳಿದರು.

"ಮೇಲ್ಗಡೆ ಬೂಟಿನ್ ಚರ್ಮ ಇದ್ದಂಗಿತ್ತು ಕಣ್ರಿ. ಒಳ್ಗೆಲ್ಲಾ ಕೊಳ್ತೋಗಿತ್ತು. ಏನ್ ಹಾಕಿದ್ರು ಅದಕ್ಕೆ?"

ಗೊತ್ತಿಲ್ಲ ಅಂದೆ. ಗೊತ್ತಿತ್ತು.

ಆದರೂ ನಾನು ಶಿವರಾಜಣ್ಣನನ್ನು ಕೇಳಿದೆ, "ಅಣ್ಣ, ವೆಂಕಟಯ್ಯನೋರ್ ಕಾಲು ಈಗೆಂಗೈತೆ?"

"ಯಾವ ವೆಂಕಟಯ್ಯ?"

"ಪಕ್ಕದ್ ಮನೆಯೋರು."

"ಅವ್ರು ಸತ್ತು ಆರ್ ವರ್ಷ ಆಯ್ತಲ್ಲೇ. ನೀನು ಎಕ್ಸಾಮ್ ಐತೆ ಅಂತ ಬರ್ಲಿಲ್ಲ."

ವಾರ್ಡಿನ ಮುಂದಿನ ಬೆಂಚಿನಲ್ಲಿ ಕೂತೆ. ಊರಿನಲ್ಲಿ ಇದ್ದವರಿಗೆ ಯಾರಿಗಾದರೂ ಗೊತ್ತಿರುವ ವಿಷಯ ಅದು. ಮಾರ್ಚಿನಲ್ಲಿ ನಾನೇ ನಿನಗೆ ಬರೆದಿದ್ದೆ, ಗಟ್ಟಿ ರಸದ ಅಡಿಯಲ್ಲಿ ಎಲ್ಲ ಸತ್ತಿದ್ದವು ಎಂದು. ಅದಕ್ಕೆ ಒಂದು ತಿಂಗಳ ಹಿಂದೆ ನೀನು ಗಟ್ಟಿಯಾಗಿ ಕುದಿಸಿದ್ದೆಂದು ಬರೆದಿದ್ದೆ. ನಿನ್ನ ಕಾಗದ ಮೇಜಿನ ಮೇಲಿರುವಾಗಲೇ ನನ್ನದನ್ನು ಬರೆದೆ. ನಾನು ನಿನ್ನ ಕಾಗದದಲ್ಲಿ ತಾರೀಕು, ತೂಕ, ಬುಡ, ಕೊಂಬೆ ಇಷ್ಟನ್ನೇ ಓದಿದೆ.

"ತೊಂದರೆಯೇನಿಲ್ಲ ಅನ್ನಿಸುತ್ತದೆ" ಎಂದು ಬರೆದದ್ದು ನಾನು. ನಿನಗೆ ಯಾಕೆ ಹಾಗೆ ಬರೆದೆನೋ ಗೊತ್ತಿಲ್ಲ. ಅವತ್ತು ಅವಸರದಲ್ಲಿದ್ದೆ ಅನ್ನಿಸುತ್ತದೆ.

ಈಗ ದಿನಾ ಲ್ಯಾಬಿಗೆ ಹೋಗುತ್ತೇನೆ, ತಟ್ಟೆಗಳನ್ನು ಎಣಿಸುತ್ತೇನೆ, ಹಾಸ್ಟೆಲಿಗೆ ಬರುತ್ತೇನೆ. ಊಟ ಸೇರುತ್ತದೆ, ನಿದ್ದೆಯೂ ಬರುತ್ತದೆ. ಅದೇ ವಿಚಿತ್ರ.

ಶಶಿ


ಹಾಗಲವಾಡಿ
14 ಆಗಸ್ಟ್ 2024

ಶಶಿ ಮಗಳೆ,

ಕಾಗದ ತಲುಪಿ ತಿಂಗಳ ಮೇಲಾಯಿತು. ದಿನಾ ಬರೆಯಬೇಕೆಂದು ಕೂತು ಎದ್ದು ಹೋಗುತ್ತಿದ್ದೆ. ಎದ್ದು ಹೋಗುತ್ತಿದ್ದೆ ಎಂದು ಅಭ್ಯಾಸಕ್ಕೆ ಬರೆದೆ. ಈಗ ಎಬ್ಬಿಸಲು ಒಬ್ಬರು ಬೇಕು.

ನೀನು ನಡೆದದ್ದು ಬರೆದೆ. ನಿನಗೆ ಗೊತ್ತಿಲ್ಲದ ಭಾಗ ನಾನು ಬರೆಯುತ್ತೇನೆ.

ಎರಡನೇ ಚೀಲದ ಚಕ್ಕೆಗೆಂದು ಗುಡ್ಡಕ್ಕೆ ಹೋದ ದಿನ ಮನೆಗೆ ಬಂದು ಎಕ್ಕಡ ಬಿಟ್ಟಾಗ ಅಟ್ಟೆಯ ಮೇಲೆ ರಕ್ತ ಕಂಡಿತು. ಮೊಳೆಯೋ ಮುಳ್ಳೋ ಅಟ್ಟೆ ತೂರಿ ಕಾಲಿಗೆ ಇಳಿದಿತ್ತು. ಅದರ ಮೇಲೇ ಎರಡು ಮೈಲಿ ನಡೆದುಬಂದಿದ್ದೆ, ನನಗೆ ಗೊತ್ತೇ ಆಗಿರಲಿಲ್ಲ. ನೋವಿಲ್ಲದ್ದಕ್ಕೆ ಯಾರು ಆಸ್ಪತ್ರೆಗೆ ಹೋಗುತ್ತಾರೆ? ತೊಳೆದು ಬಟ್ಟೆ ಕಟ್ಟಿದೆ. ತಿಂಗಳಾದರೂ ಮಾಯಲಿಲ್ಲ. ಆಗ ನಿನ್ನನ್ನು ಕೇಳಿದೆ. ನನಗೆ ಎಂದು ಬರೆಯಲು ಕೈ ಬರಲಿಲ್ಲ, ಪಕ್ಕದ ಮನೆಯವನ ಹೆಸರು ಬಂತು. ಸತ್ತವನಾದ್ದರಿಂದ ಅವನಿಗೇನೂ ಕೆಡುಕಾಗುವುದಿಲ್ಲ ಎಂದುಕೊಂಡೆ.

ಯಾಕೆ ಮುಚ್ಚಿಟ್ಟೆ ಎಂದು ಶಿವರಾಜ ಬಂದಾಗಲೆಲ್ಲ ಕೇಳುತ್ತಾನೆ. ಅವನಿಗೆ ಹೇಳಿಲ್ಲ, ನಿನಗೆ ಹೇಳುತ್ತೇನೆ. ಕಾಲು ಕೆಟ್ಟಿದೆ ಎಂದರೆ ನೀನು ಚಕ್ಕೆ ಬೇಡ ಅನ್ನುತ್ತಿದ್ದೆ. ಚಕ್ಕೆ ಬೇಡವಾದರೆ ಕಾಗದ ಯಾಕೆ ಬರೆಯುತ್ತೀಯ? ಕಿವಿ ಹೋದ ಮೇಲೆ ಮನೆಯಲ್ಲಿ ನನ್ನ ಹತ್ತಿರ ಯಾರೂ ಉದ್ದ ಮಾತಾಡುವುದಿಲ್ಲ. ಊಟ, ಮಾತ್ರೆ, ಬಾಗಿಲು ಹಾಕು, ಅಷ್ಟೇ. ಉದ್ದ ಮಾತಾಡುತ್ತಿದ್ದವಳು ನೀನೊಬ್ಬಳೇ.

ಗಟ್ಟಿ ರಸದ ವಿಷಯ ನೀನು ಹೇಳಬೇಕಾಗಿರಲಿಲ್ಲ. ಹೊರಗೆ ಮುಚ್ಚಿಕೊಂಡು ಒಳಗೆ ಹಸಿ ಉಳಿಯುತ್ತದೆ ಎಂದು ನಿನಗೆ ಬರೆದವನೇ ನಾನು. ಸತ್ತ ತೊಗಲಿಗೆ ತೆಳು ರಸದಿಂದ ಶುರು ಮಾಡಬೇಕೆಂದು ಗೊತ್ತಿದ್ದ ನನಗೆ ಸ್ವಂತ ಕಾಲಿನ ವಿಷಯದಲ್ಲಿ ತಾಳ್ಮೆ ಇರಲಿಲ್ಲ. ಚಕ್ಕೆ ಹಾಕದಿದ್ದರೆ ಕಾಲು ಉಳಿಯುತ್ತಿತ್ತೋ ಇಲ್ಲವೋ ಡಾಕ್ಟರಿಗೂ ಗೊತ್ತಿಲ್ಲ. ಕೇಳಿದ್ದೇನೆ. ಸಕ್ಕರೆ ಮುನ್ನೂರೈವತ್ತು ಇತ್ತು, ಯಾವುದರಿಂದ ಎಷ್ಟು ಎಂದು ಹೇಗೆ ಹೇಳೋದು ಎಂದು ಬರೆದುಕೊಟ್ಟರು. ಆದ್ದರಿಂದ ನೀನೂ ಲೆಕ್ಕ ಹಾಕಬೇಡ.

ಮುದ್ದಯ್ಯ


ತುಮಕೂರು
30 ನವೆಂಬರ್ 2024

ದೊಡ್ಡಪ್ಪ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಇಷ್ಟು ದಿನ ಆಯಿತು. ಬರೆದು ಹರಿದದ್ದು ಮೂರು.

ನಾನೂ ಒಂದು ಮುಚ್ಚಿಟ್ಟಿದ್ದೆ. ನಮ್ಮ ಪೇಪರ್ ಜೂನಿನಲ್ಲೇ ಅಚ್ಚಾಯಿತು. ಕೊನೆಯಲ್ಲಿ ಸಹಾಯ ಮಾಡಿದವರಿಗೆಲ್ಲ ವಂದನೆ ಹೇಳುವ ಜಾಗವಿರುತ್ತದೆ. ಮೆಷಿನ್ ಕೊಟ್ಟವರ ಹೆಸರಿದೆ, ಫೋಟೊ ತೆಗೆದವರ ಹೆಸರಿದೆ. ನಿನ್ನದು "ಒಬ್ಬ ಸ್ಥಳೀಯ ಮಾಹಿತಿದಾರರು" ಎಂದಿದೆ. ಅದನ್ನು ಬರೆದದ್ದು ಮೇಡಂ ಅಲ್ಲ, ನಾನು. ನಮ್ಮದೆಂದು ಹೇಳಬೇಡ ಎಂದು ನೀನೇ ಹೇಳಿದ್ದೆ, ನಿಜ. ಆದರೆ ನೀನು ಹೇಳಿದೆಯೆಂದು ನಾನು ಹಾಗೆ ಬರೆಯಲಿಲ್ಲ. ನನಗೂ ಅದೇ ಬೇಕಾಗಿತ್ತು. ಲ್ಯಾಬಿನಲ್ಲಿ ಎಲ್ಲರೂ ತಮ್ಮ ತಾತ ಮೇಷ್ಟ್ರು, ತಾತ ವಕೀಲರು ಎನ್ನುವಾಗ ನಾನು ಬೀಕರ್ ತೊಳೆಯಲು ಹೋಗುತ್ತಿದ್ದೆ.

ಹೋದ ವಾರ ಮೇಡಂಗೆ ಎಲ್ಲ ಹೇಳಿದೆ. ತಾತನ ವಿಷಯ, ನಿನ್ನ ಕಾಲಿನ ವಿಷಯ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ಶಶಿಕಲಾ?"

"ನೀವು ಕೇಳ್ಲಿಲ್ಲ ಮೇಡಂ."

"ಹೌದು. ಕೇಳ್ಲಿಲ್ಲ," ಅಂದರು. ಕನ್ನಡಕ ಮತ್ತೆ ಹಾಕಿಕೊಂಡು, "ಜರ್ನಲ್‌ಗೆ ತಿದ್ದುಪಡಿ ಕಳ್ಸೋಣ. ಅವ್ರ ಹೆಸ್ರು ಪೂರ್ತಿ ಹೇಗೆ ಬರೀಬೇಕು, ಕೇಳಿ ಹೇಳಿ" ಅಂದರು.

ಅದಕ್ಕೇ ಕೇಳುತ್ತಿದ್ದೇನೆ. ಇನ್ನೊಂದು, ಕುದಿಸಿದ ಚಕ್ಕೆಯನ್ನು ಗಾಯಕ್ಕೆ ನೇರವಾಗಿ ಹಾಕಿದರೆ ಏನಾಗುತ್ತದೆ ಎನ್ನುವುದನ್ನು ಥೀಸಿಸ್ಸಿನಲ್ಲಿ ಒಂದು ಅಧ್ಯಾಯವಾಗಿ ಬರೆಯುತ್ತಿದ್ದೇನೆ. ಹೆಸರು, ಊರು ಇರುವುದಿಲ್ಲ. ನೀನು ಬೇಡವೆಂದರೆ ಬರೆಯುವುದಿಲ್ಲ.

ಶಶಿ


ಹಾಗಲವಾಡಿ
4 ಮಾರ್ಚ್ 2025

ಶಶಿ ಮಗಳೆ,

ಅಧ್ಯಾಯ ಬರೆ. ಊರಿನಲ್ಲಿ ಇನ್ನೊಬ್ಬ ಅದನ್ನು ಕುದಿಸುವ ಮೊದಲು ಯಾರಾದರೂ ಓದಿರಲಿ. ಪೇಪರಿಗೆ ಹೆಸರು ಹಾಕುವುದಾದರೆ ನಿಮ್ಮ ತಾತನದು ಹಾಕು. ಮಹಾದೇವಯ್ಯ, ಹಾಗಲವಾಡಿ, ತೊಗಲು ಹದ ಮಾಡುತ್ತಿದ್ದವರು ಎಂದು ಪೂರ್ತಿ ಬರೆ. ಯಾರೋ ಹಳ್ಳಿಯವರು ಎನ್ನಲು ಹೇಳಿದ್ದು ನನ್ನ ತಪ್ಪು. ಅವನ ಕೈ ಹದ ಸುತ್ತ ಏಳು ಹಳ್ಳಿಯಲ್ಲಿ ಯಾರಿಗೂ ಇರಲಿಲ್ಲ.

ಕೃತಕ ಕಾಲು ಬಂದಿದೆ. ಜಗಲಿಯಿಂದ ಹಟ್ಟಿ ಬಾಗಿಲವರೆಗೆ ನಡೆಯುತ್ತೇನೆ. ಕುತ್ತಿಗೆಗೆ ಹೊಸ ನೊಗ ಕಟ್ಟಿದ ಎತ್ತಿನ ಹಾಗೆ.

ನಿನ್ನೆ ಗುಬ್ಬಿ ಆಸ್ಪತ್ರೆಗೆ ಎಡಗಾಲು ತೋರಿಸಲು ಹೋಗಿದ್ದೆವು. ಅರುಣಾ ಎನ್ನುವ ನರ್ಸ್ ಒಂದು ಕಡ್ಡಿಗೆ ಕಟ್ಟಿದ ನೈಲಾನ್ ದಾರ ಹಿಡಿದುಕೊಂಡು ಬಂದಳು. ಗಾಳದ ದಾರದಷ್ಟೇ ದಪ್ಪ. ಚೀಟಿಯಲ್ಲಿ ಬರೆದು ತೋರಿಸಿದಳು, ಕಣ್ಣು ಮುಚ್ಚಿಕೊಳ್ಳಿ, ಮುಟ್ಟಿದ್ದು ಗೊತ್ತಾದಾಗ ಕೈ ಎತ್ತಿ ಎಂದು. ನಾನು ಕಣ್ಣು ಮುಚ್ಚಿದ ಹಾಗೆ ಮಾಡಿ ರೆಪ್ಪೆ ಸಂದಿಯಿಂದ ಅವಳ ಕೈ ನೋಡುತ್ತಿದ್ದೆ. ಬಗ್ಗಿದಾಗಲೆಲ್ಲ ಕೈ ಎತ್ತಿದೆ. ಹತ್ತಕ್ಕೆ ಹತ್ತು. ಅವಳು ನಕ್ಕು ಪುಸ್ತಕದಲ್ಲಿ ಸರಿ ಎಂದು ಗುರುತು ಹಾಕಲು ಹೊರಟಳು. ನಿನ್ನ ದೊಡ್ಡಮ್ಮನ ಮುಖ ಅರಳಿತು. ವರ್ಷವಾಗುತ್ತಾ ಬಂದಿತ್ತು ಅವಳ ಮುಖ ಹಾಗೆ ನೋಡಿ.

ಸುಮ್ಮನಿದ್ದುಬಿಡಬಹುದಾಗಿತ್ತು. ಆ ಹುಡುಗಿಯ ಪೆನ್ ಹಿಡಿದುಕೊಂಡೆ.

"ಬರೀಬ್ಯಾಡ ಕಣವ್ವ. ನಾನು ನೋಡ್ಕಂಡ್ ಕೈ ಎತ್ತಿದ್ದು. ಇನ್ನೊಂದ್ ಸಲ ಮಾಡು" ಅಂದೆ.

ಅವಳು ನಿನ್ನ ದೊಡ್ಡಮ್ಮನ ಸೆರಗಿನಿಂದಲೇ ನನ್ನ ಕಣ್ಣು ಮುಚ್ಚಿಸಿದಳು. ಕತ್ತಲಲ್ಲಿ ಕೂತೆ. ಕಿವಿಯೂ ಇಲ್ಲ, ಕಣ್ಣೂ ಇಲ್ಲ. ಅವಳು ಶುರು ಮಾಡಿದಳೋ ಇಲ್ಲವೋ ಎಂದು ಕಾಯುತ್ತಾ ಇದ್ದೆ. ಎರಡು ಸಲ ಕೈ ಎತ್ತಿದೆ. ಸೆರಗು ತೆಗೆದಾಗ ಮುಗಿದೇ ಹೋಗಿತ್ತು. ಹತ್ತು ಕಡೆ ಮುಟ್ಟಿದಳಂತೆ, ನನಗೆ ಗೊತ್ತಾದದ್ದು ಎರಡು ಕಡೆ.

ದಿನಾ ಅಂಗಾಲು ನೋಡಿಕೊಳ್ಳಬೇಕಂತೆ. ನನಗೆ ಬಗ್ಗಿ ನೋಡಲು ಆಗುವುದಿಲ್ಲ. ನಿನ್ನ ದೊಡ್ಡಮ್ಮ ಮುಟ್ಟಿ ನೋಡುತ್ತಾಳೆ, ಆದರೆ ಅವಳಿಗೆ ಸಣ್ಣದು ಕಾಣಿಸುವುದಿಲ್ಲ. ತಿಂಗಳಿಗೊಂದು ಸಲ ನೀನು ಬಂದು ನೋಡುತ್ತೀಯಾ? ಚಕ್ಕೆ ನಿಲ್ಲಿಸಿದ ಮೇಲೆ ನಿನಗೆ ಇಲ್ಲಿ ಕೆಲಸವೇನೂ ಇಲ್ಲ ಎಂದು ಗೊತ್ತು. ಆದರೂ ಕೇಳುತ್ತಿದ್ದೇನೆ.

ಮುದ್ದಯ್ಯ


ತುಮಕೂರು
17 ಮಾರ್ಚ್ 2025

ದೊಡ್ಡಪ್ಪ,

ಬರುವ ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಬರುತ್ತೇನೆ. ಆಮೇಲೆ ಪ್ರತಿ ತಿಂಗಳೂ ನಾಲ್ಕನೇ ಭಾನುವಾರ.

ಬಂದು ಏನು ಮಾತಾಡಬೇಕೋ ಗೊತ್ತಿಲ್ಲ. ಆ ಬೆಂಚಿನ ಮೇಲೆ ಕೂತಾಗಿನಿಂದ ನನಗೆ ದುಃಖವೂ ಗೊತ್ತಾಗುತ್ತಿಲ್ಲ, ಖುಷಿಯೂ ಗೊತ್ತಾಗುತ್ತಿಲ್ಲ. ಯಾರಾದರೂ ಕೇಳಿದರೆ ಚೆನ್ನಾಗಿದ್ದೇನೆ ಎಂದು ಕೈ ಎತ್ತುತ್ತೇನೆ. ಇದನ್ನು ಯಾರಿಗೂ ಹೇಳಿಲ್ಲ.

ನೀನು ಬಾಗಿಲ ಹತ್ತಿರ ಕುರ್ಚಿ ಹಾಕಿಸಿಕೊಂಡು ಕಾಲನ್ನು ಬೆಳಕಿಗೆ ಚಾಚಿಕೊಂಡಿರು. ಮೊದಲು ಕಾಲು ನೋಡುತ್ತೇನೆ.

ಶಶಿ